ಮೂರನೆಯ ಉಂಗುರ

ಒಮ್ಮೆ ಬರೆದ ಸಿಡಿಯ ಅಡಿಮೈಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ನಡುವಿನ ತೂತಿನಿಂದ ಅಂಚಿನ ಕಡೆಗೆ ಒಂದಷ್ಟು ದೂರ ಬಣ್ಣ ತುಸು ಗಾಢವಾಗಿರುತ್ತದೆ, ಅಲ್ಲಿಂದಾಚೆ ತಿಳಿ. ಗಾಢವಾಗಿರುವುದು ಬರೆದ ಜಾಗ, ತಿಳಿಯಾಗಿರುವುದು ಖಾಲಿ ಜಾಗ. ಒಂದೇ ಸಿಡಿಗೆ ಬೇರೆ ಬೇರೆ ದಿನ ಬರೆದಿದ್ದರೆ ಒಂದೊಂದು ಸಲಕ್ಕೂ ಒಂದೊಂದು ಉಂಗುರ ಮೂಡಿರುತ್ತದೆ, ಹಾಳೆ ಕಳಚಿ ಬಿದ್ದಲ್ಲೆಲ್ಲ ಅಡಿಕೆ ಮರದ ಮೈಮೇಲೆ ಉಳಿಯುವ ಬಳೆಗಳ ಹಾಗೆ. ನನ್ನ ಮೇಜಿನ ಖಾನೆಯಲ್ಲಿ ಅಂಥದ್ದೊಂದು ಸಿಡಿ ಇದೆ. ಅದರಲ್ಲಿ ಆರು ಉಂಗುರಗಳಿವೆ. ಇಪ್ಪತ್ತು ವರ್ಷಗಳಿಂದ ಅದನ್ನು ಬಿಸಿಲಿಗೆ ಬೀಳದಂತೆ ಕಾಪಾಡಿಕೊಂಡು ಬಂದಿದ್ದೇನೆ.

2002ರಲ್ಲಿ ಡಿಗ್ರಿ ಮುಗಿಸಿದವನು ಸಾಗರದಲ್ಲಿ ಗಣಪತಿ ಕೆರೆಯ ಕಡೆಗೆ ಹೋಗುವ ದಾರಿಯ ಒಂದು ಡಿಟಿಪಿ ಸೆಂಟರಿಗೆ ಕೆಲಸಕ್ಕೆ ಸೇರಿದೆ. ಮದುವೆ ಕರೆಯೋಲೆ, ಉಪನಯನದ ಕಾಗದ, ನಾಟಕದ ಕರಪತ್ರ, ಸಹಕಾರ ಸಂಘದ ವಾರ್ಷಿಕ ವರದಿ, ಇವೇ ನಮ್ಮ ಕೆಲಸ. ಮೂರು ಕಂಪ್ಯೂಟರು, ಅವುಗಳಲ್ಲಿ ಒಂದಕ್ಕೆ ಮಾತ್ರ ಸಿಡಿ ರೈಟರ್. ಜನ ಬಂದು "ಇದನ್ನೊಂದು ಸಿಡಿ ಹೊಡೆದುಕೊಡಿ" ಅನ್ನುತ್ತಿದ್ದರು. ಬರೆಯುತ್ತಿರುವಾಗ ಕರೆಂಟು ಹೋದರೆ ಆ ಸಿಡಿಯ ಕತೆ ಅಲ್ಲಿಗೆ ಮುಗಿಯಿತು. ಮಳೆಗಾಲದಲ್ಲಿ ಯುಪಿಎಸ್ ಬ್ಯಾಟರಿ ಎಷ್ಟಿದೆ ಎಂದು ನೋಡದೆ ನಾವು ರೈಟರ್ ಮುಟ್ಟುತ್ತಿರಲಿಲ್ಲ.

ಆ ಮಳೆಗಾಲದಲ್ಲೇ ಮೇಷ್ಟ್ರು ಬಂದರು. ಪ್ರಾಥಮಿಕ ಶಾಲೆಯಿಂದ ನಿವೃತ್ತರಾಗಿ ಹತ್ತು ವರ್ಷ ಕಳೆದಿತ್ತು. ಕಂಕುಳಲ್ಲಿ ಬಟ್ಟೆಯ ಚೀಲ, ಚೀಲದ ತುಂಬ ಚೀಟಿ. ಹಳೆಯ ಕ್ಯಾಲೆಂಡರಿನ ಹಿಂಬದಿ, ಮದುವೆ ಕಾಗದದ ಖಾಲಿ ಮಗ್ಗುಲು, ಮಂಡಿಯ ಬಿಲ್ಲು, ಸಿಕ್ಕ ಸಿಕ್ಕ ಕಾಗದಗಳ ಮೇಲೆಲ್ಲ ಅಡಿಕೆ ತೋಟದ ಮಾತುಗಳು. ಕೊನೆ, ಕೊನೆಗೌಡ, ದಬ್ಬೆ, ಸೋಗೆ, ಚೊಗರು, ಕಾದಿಗೆ, ಮಳೆಗಾಲದ ಕೊಳೆರೋಗದಿಂದ ಕಾಪಾಡಲು ಕೊನೆಗೆ ಕಟ್ಟುತ್ತಿದ್ದ ಕೊಟ್ಟೆ, ಮಂಡಿಯಲ್ಲಿ ಕೂಗುವ ಸರಕು, ಬೆಟ್ಟೆ, ರಾಶಿ, ಗೊರಬಲು. ಒಂದೊಂದು ಮಾತಿನ ಕೆಳಗೂ ಅದನ್ನು ಯಾರ ಬಾಯಲ್ಲಿ ಕೇಳಿದ್ದು, ಯಾವ ಊರಿನಲ್ಲಿ, ಏನು ಕೆಲಸ ಮಾಡುತ್ತಿದ್ದಾಗ ಎಂಬ ವಿವರ. ಮೊದಲ ದಿನ ಆ ಚೀಟಿಗಳನ್ನು ಮೇಜಿನ ಮೇಲೆ ಹರಡಿದಾಗ ನನಗೆ ಕೈ ಹಾಕಲು ಭಯವಾಯಿತು. ನನ್ನದೇ ಮನೆಯ ತೋಟದ ಮಾತುಗಳು ಅವು. ಅರ್ಧದಷ್ಟು ನನಗೆ ಗೊತ್ತೇ ಇರಲಿಲ್ಲ.

ತಿಂಗಳಿಗೊಮ್ಮೆ ಬರುವರು. ನುಡಿ ತಂತ್ರಾಂಶದಲ್ಲಿ ಟೈಪು ಮಾಡಿ, ವರ್ಡ್ ಕಡತವಾಗಿ ಉಳಿಸಿ, ಸಿಡಿಗೆ ಬರೆದು ಕೊಡುತ್ತಿದ್ದೆ. ಅವರ ಮಗನ ಮನೆಯಲ್ಲಿ ಕಂಪ್ಯೂಟರ್ ಇತ್ತು. ಅಲ್ಲಿ ಹಾಕಿ ಓದಿ, ತಪ್ಪು ಗುರುತಿಸಿಕೊಂಡು ಮತ್ತೆ ಬರುತ್ತಿದ್ದರು. ಒಂದು ಸಲ ಅವರೇ ಅಲ್ಲಿ ಕೂತು ಒಂದು ಒತ್ತಕ್ಷರ ತಿದ್ದಿ ಸೇವ್ ಮಾಡಹೋದರಂತೆ. ಆಗಲೇ ಇಲ್ಲ. "ಮಾಣಿ, ಇದು ಓದಲಿಕ್ಕೆ ಮಾತ್ರ ಅಂತ ಹೇಳ್ತದೆ. ನಾನು ಬರೆದದ್ದನ್ನ ನಾನೇ ತಿದ್ದಬಾರದು ಅಂದ್ರೆ ಎಂತಕ್ಕೆ?" ಎಂದು ಕೇಳಿದರು. ನಾನು ವಿವರಿಸಿದೆ. ಸಿಡಿಯ ಮೇಲಿರುವ ಕಡತವನ್ನು ಅಲ್ಲಿಯೇ ತಿದ್ದಲಾಗದು. ಅದನ್ನು ಮೊದಲು ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ವಿಂಡೋಸ್ 98ರಲ್ಲಿ ಇಳಿಸಿಕೊಂಡ ಮೇಲೂ ಅದಕ್ಕೆ 'ರೀಡ್ ಓನ್ಲಿ' ಎಂಬ ಗುರುತು ಅಂಟಿಕೊಂಡೇ ಬರುತ್ತದೆ. ಪ್ರಾಪರ್ಟೀಸ್‌ಗೆ ಹೋಗಿ ಆ ಗುರುತು ತೆಗೆದು, ಆಮೇಲೆ ತಿದ್ದಿ, ತಿದ್ದಿದ್ದನ್ನು ಮತ್ತೆ ಸಿಡಿಗೆ ಹೊಸದಾಗಿ ಬರೆಯಬೇಕು. ಹೊಸ ಕಡತ ಕೂರುವುದು ಹಳೆಯದರ ಮೇಲಲ್ಲ, ಅದರ ಆಚೆಗೆ, ಖಾಲಿ ಜಾಗದಲ್ಲಿ.

"ಹಾಗಾದ್ರೆ ಹಳೇದು?"

ಹಳೆಯದು ಅಲ್ಲೇ ಇರುತ್ತದೆ. ಸಿಡಿಯ ಮೇಲೆ ಏನೇನಿದೆ, ಎಲ್ಲೆಲ್ಲಿದೆ ಎಂದು ಹೇಳುವ ಒಂದು ಪಟ್ಟಿ ಇರುತ್ತದೆ. ಪ್ರತಿ ಸಲ ಬರೆದಾಗಲೂ ಹೊಸ ಪಟ್ಟಿ. ಕಂಪ್ಯೂಟರ್ ಕೊನೆಯ ಪಟ್ಟಿಯನ್ನು ಮಾತ್ರ ಓದುತ್ತದೆ. ಆ ಪಟ್ಟಿಯಲ್ಲಿ ಹೆಸರು ಬಿಟ್ಟರೆ ಕಡತ 'ಅಳಿಸಿದ' ಹಾಗೆ. ಲೇಸರ್ ಸುಟ್ಟು ಮಾಡಿದ ಗುರುತು ಹಾಗೇ ಇರುತ್ತದೆ, ಅದು ತುಂಬಿದ ಜಾಗವೂ ಮರಳಿ ಸಿಗುವುದಿಲ್ಲ. ಪ್ರತಿ ಸಲದ ಬರಹಕ್ಕೂ ಒಂದು ತಲೆ ಒಂದು ಬಾಲ ಬೇಕು. ಮೊದಲ ಸಲಕ್ಕೆ ಸುಮಾರು 22 ಎಂಬಿ, ಆಮೇಲೆ ಪ್ರತಿ ಸಲಕ್ಕೆ ಸುಮಾರು 13 ಎಂಬಿ ಅದಕ್ಕೇ ಹೋಗುತ್ತದೆ. ಮೇಷ್ಟ್ರ ಕಡತ ಒಂದು ಎಂಬಿಯೂ ಇರಲಿಲ್ಲ. ಒಂದು ಚೊಂಬು ನೀರಿಗೆ ಒಂದು ಹಂಡೆ ಉರುಳಿಸಿದ ಹಾಗೆ ನನಗೆ ಅನ್ನಿಸುತ್ತಿತ್ತು.

ಜಾಗ ಪೋಲಾಗುವುದನ್ನು ಮೇಷ್ಟ್ರು ತಲೆಗೆ ಹಚ್ಚಿಕೊಳ್ಳಲಿಲ್ಲ. ಅವರನ್ನು ಕಾಡಿದ್ದು ಬೇರೆ. "ಅಲ್ದಾ ಮಾಣಿ, ಅಳಿಸಿದ್ದು ಅಲ್ಲೇ ಇದೆ ಅಂದ್ರೆ ಅಳಿಸಿದ್ದು ಯಾವ್ದು?" ಮೂವತ್ತು ವರ್ಷ ಮಕ್ಕಳ ಸ್ಲೇಟು ತಿದ್ದಿದ ಮನುಷ್ಯ. ತಪ್ಪು ಬರೆದರೆ ಶಾಲೆಯ ಗೋಡೆಯ ಪಾಚಿಯಲ್ಲಿ ಬೆಳೆದ ನೀರುಕಡ್ಡಿ ಕಿತ್ತು ತಂದು ಒರೆಸಿಸುತ್ತಿದ್ದವರು. ತಪ್ಪಾದ ಅರ್ಥ, ತಪ್ಪಾದ ಕಾಗುಣಿತ ತಮ್ಮ ಹೆಸರಿನ ಕೆಳಗೆ ಯಾವುದೋ ಪದರದಲ್ಲಿ ಹಾಗೇ ಇರುತ್ತದೆ ಎಂಬುದು ಅವರಿಗೆ ಸಹಿಸಲಾಗಲಿಲ್ಲ.

ಅವತ್ತು ಅವರು ಕಡತದ ಮಾತು ತೆಗೆದರು. ನಾನು ಬೆಳಗಿನಿಂದ ಸಂಜೆಯವರೆಗೆ ಆಡುತ್ತಿದ್ದ ಮಾತೇ ಅದು, ಫೈಲಿಗೆ ಕನ್ನಡದಲ್ಲಿ ಕಡತ ಎನ್ನುತ್ತೇವಲ್ಲ. ಆದರೆ ಕಡತವೆಂದರೆ ನಿಜವಾಗಿ ಏನೆಂದು ಅಂದಿನವರೆಗೆ ನಾನು ಕೇಳಿರಲಿಲ್ಲ. ಹತ್ತಿಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಕಲೆಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಪುಸ್ತಕ. ಅದರ ಮೇಲೆ ಬಳಪದಲ್ಲಿ ಬರೆಯುವುದು. ಅಂಗಡಿಯ ಲೆಕ್ಕ, ದೇವಸ್ಥಾನದ ಲೆಕ್ಕ, ಶಾನುಭೋಗರ ಲೆಕ್ಕ ಎಲ್ಲ ಅದರಲ್ಲೇ. ಬೇಡವಾದದ್ದನ್ನು ಒರೆಸಿ ಅದೇ ಜಾಗದಲ್ಲಿ ಮತ್ತೆ ಬರೆಯಬಹುದು. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ತನ್ನ ಇತಿಹಾಸ ಗ್ರಂಥದಲ್ಲಿ ಈ ಕಡತವನ್ನು ಬಣ್ಣಿಸಿದ್ದಾನೆ. ಅದರ ಮೊದಲ ಸಂಪುಟ ಅಚ್ಚಾದದ್ದು 1810ರಲ್ಲಿ. ಶೃಂಗೇರಿ ಮಠದ ಕಡತಗಳು ಇಂದಿಗೂ ಇತಿಹಾಸಕಾರರಿಗೆ ಆಕರ. ಇದೆಲ್ಲ ನಾನು ಆಮೇಲೆ ಓದಿ ತಿಳಿದದ್ದು. ಅಂದು ಮೇಷ್ಟ್ರು ಹೇಳಿದ್ದು ಇಷ್ಟೇ: "ತಾಳೆಗರಿಗೆ ಕಂಠದಲ್ಲಿ ಕೊರೆದ್ರೆ ಕೊರೆದದ್ದೇ. ಕಡತ ಹಾಗಲ್ಲ. ನಿನ್ನ ಈ ಸಿಡಿ ತಾಳೆಗರಿ ಆಯ್ತು. ನನಗೆ ಕಡತ ಬೇಕಿತ್ತು."

ಕಡತದಂಥ, ಅಳಿಸಿ ಮತ್ತೆ ಬರೆಯಬಹುದಾದ ಸಿಡಿಯೂ ಬಂದಿದೆ, ತರಿಸಿಕೊಡುತ್ತೇನೆ ಎಂದೆ. ಎಷ್ಟು ಉತ್ಸಾಹದಿಂದ ಹೇಳಿದೆ ಎಂಬುದು ಈಗಲೂ ನೆನಪಿದೆ.

ಸಿಡಿ-ಆರ್‌ಡಬ್ಲ್ಯು ಪೇಟೆಗೆ ಬಂದದ್ದು 1997ರಲ್ಲಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಆಗಲೇ ರಾಶಿ ರಾಶಿ ಸಿಗುತ್ತಿತ್ತು, ನಮ್ಮಲ್ಲಿಗೆ ತರಿಸಬೇಕಿತ್ತು. ಸಾದಾ ಸಿಡಿಗಿಂತ ಬೆಲೆ ಹೆಚ್ಚು. ಅಡಿಮೈ ಕಪ್ಪುಬೂದು, ಸಾದಾ ಸಿಡಿಯಷ್ಟು ಹೊಳಪಿಲ್ಲ. ಆ ಮಂಕಿನಿಂದಾಗಿಯೇ ಹಳೆಯ ಡ್ರೈವುಗಳು ಅದನ್ನು ಓದಲು ತಡವರಿಸುತ್ತಿದ್ದವು. ಸಾದಾ ಸಿಡಿಯಲ್ಲಿರುವುದು ಬಣ್ಣದ ಪದರ, ಲೇಸರ್ ಅದನ್ನು ಸುಟ್ಟರೆ ಸುಟ್ಟಿತು. ಆರ್‌ಡಬ್ಲ್ಯುವಿನಲ್ಲಿ ಲೋಹದ ಬೆರಕೆಯ ಪದರ: ಬೆಳ್ಳಿ, ಇಂಡಿಯಂ, ಆಂಟಿಮನಿ, ಟೆಲ್ಲೂರಿಯಂ.

ಇದನ್ನು ಮೇಷ್ಟ್ರಿಗೆ ಹೇಳಲು ನಾನು ಬೆಲ್ಲದ ಪಾಕ ಹಿಡಿದೆ. ಕಾದ ಪಾಕವನ್ನು ತಣ್ಣೀರಿಗೆ ಬಿಟ್ಟರೆ ಥಟ್ಟನೆ ಗಾಜಿನಂತೆ ಗಟ್ಟಿಯಾಗುತ್ತದೆ, ಹರಳಿರುವುದಿಲ್ಲ. ಅದೇ ಆಲೆಮನೆಯಿಂದ ತಂದ ಜೋನಿಬೆಲ್ಲ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಕೂತರೆ ತಳದಲ್ಲಿ ಹರಳು ಕಟ್ಟುತ್ತದೆ. ಆ ಲೋಹದ ಪದರದ ಕತೆಯೂ ಹೀಗೇ. ಹೊಸ ಸಿಡಿಯಲ್ಲಿ ಅದು ಹರಳುಗಟ್ಟಿ ಹೊಳೆಯುತ್ತಿರುತ್ತದೆ. ಬರೆಯುವಾಗ ಲೇಸರ್ ಒಂದು ಚುಕ್ಕೆಯನ್ನು 600 ಡಿಗ್ರಿಯ ಆಸುಪಾಸಿಗೆ ಕಾಯಿಸಿ ಕರಗಿಸುತ್ತದೆ. ಆ ಚುಕ್ಕೆ ಕ್ಷಣದಲ್ಲೇ ಆರಿ, ಹರಳು ಕಟ್ಟಲು ಹೊತ್ತು ಸಾಲದೆ ಮಂಕಾಗಿ ನಿಲ್ಲುತ್ತದೆ. ಅಳಿಸುವಾಗ ಕರಗುವಷ್ಟು ಶಾಖ ಕೊಡದೆ 200 ಡಿಗ್ರಿಯ ಸುತ್ತ ಹಿಡಿದರೆ ಮತ್ತೆ ಹರಳುಗಟ್ಟಿ ಹೊಳಪು ಬರುತ್ತದೆ. ಬರೆಯುವುದೂ ಬೆಂಕಿಯೇ, ಅಳಿಸುವುದೂ ಬೆಂಕಿಯೇ. ಉರಿ ಮಾತ್ರ ಬೇರೆ. ಹೀಗೆ ಸುಮಾರು ಸಾವಿರ ಸಲ ಮಾಡಬಹುದು. ಮೇಷ್ಟ್ರು ಸಿಡಿಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ತಿರುಗಿಸಿ ನೋಡಿದರು. "ಸಾವಿರ ಸಲ" ಎಂದು ತಮಗೆ ತಾವೇ ಹೇಳಿಕೊಂಡರು.

ಆರ್‌ಡಬ್ಲ್ಯುವನ್ನು ಎರಡು ರೀತಿ ಬಳಸಬಹುದಿತ್ತು. ಒಂದು, ಸಾದಾ ಸಿಡಿಯ ಹಾಗೆಯೇ ಬರೆಯುತ್ತ ಹೋಗಿ ತುಂಬಿದ ಮೇಲೆ ಇಡಿಯಾಗಿ ಅಳಿಸುವುದು. ವಿಂಡೋಸ್ ಎಕ್ಸ್‌ಪಿ ತಾನಾಗಿ ಕೊಡುತ್ತಿದ್ದುದು ಇದನ್ನೇ. ಒಂದೇ ಒಂದು ಕಡತ ಅಳಿಸಬೇಕೆಂದರೂ ಅದಕ್ಕೆ ಬರುತ್ತಿರಲಿಲ್ಲ. ಇನ್ನೊಂದು, ಡೈರೆಕ್ಟ್‌ಸಿಡಿ, ಇನ್‌ಸಿಡಿಯಂಥ ತಂತ್ರಾಂಶ ಹಾಕಿಕೊಂಡು ಸಿಡಿಯನ್ನು ಮೊದಲೇ ಯುಡಿಎಫ್ ಎಂಬ ಕ್ರಮದಲ್ಲಿ ಫಾರ್ಮ್ಯಾಟ್ ಮಾಡುವುದು. ಆಗ ಸಿಡಿಯು 64 ಕೆಬಿಯ ಪುಟ್ಟ ಪುಟ್ಟ ಪೊಟ್ಟಣಗಳಾಗಿ ಅಣಿಯಾಗುತ್ತದೆ. ಒಂದು ಅಕ್ಷರ ತಿದ್ದಿದರೂ ಅದಿರುವ ಇಡೀ ಪೊಟ್ಟಣವನ್ನು ಓದಿ, ತಿದ್ದಿ, ಮತ್ತೆ ಬರೆಯುತ್ತದೆ. ಹಾಗೆ ಅಣಿ ಮಾಡಿದರೆ 650 ಎಂಬಿಯ ಸಿಡಿಯಲ್ಲಿ ನೂರಕ್ಕೂ ಹೆಚ್ಚು ಎಂಬಿ ಕೈಬಿಟ್ಟು ಹೋಗುತ್ತಿತ್ತು. ಆದರೂ ಫ್ಲಾಪಿಯ ಹಾಗೆ ಬಳಸಬಹುದಿತ್ತು: ಎಳೆದು ಹಾಕು, ತೆರೆ, ತಿದ್ದು, ಸೇವ್ ಮಾಡು, ಬೇಡವಾದರೆ ಡಿಲೀಟ್ ಒತ್ತು. 1.44 ಎಂಬಿಯ ಫ್ಲಾಪಿ ನೋಡಿ ಬೆಳೆದವನಿಗೆ ಅದೊಂದು ಸ್ವರ್ಗ.

ಮೇಷ್ಟ್ರ ಮಗನ ಕಂಪ್ಯೂಟರಿಗೂ ಹೋಗಿ ಅದನ್ನು ಓದುವ ತಂತ್ರಾಂಶ ಹಾಕಿಕೊಟ್ಟು ಬಂದೆ. ಅದಿಲ್ಲದಿದ್ದರೆ ಎಷ್ಟೋ ಕಂಪ್ಯೂಟರುಗಳಲ್ಲಿ ಆ ಸಿಡಿ ತೆರೆಯುತ್ತಲೇ ಇರಲಿಲ್ಲ. 2003ರ ಬೇಸಿಗೆಯಿಂದ ಮೇಷ್ಟ್ರು ಆರ್‌ಡಬ್ಲ್ಯುವಿಗೆ ಬದಲಾದರು. ಆರು ಉಂಗುರದ ಹಳೆಯ ಸಿಡಿಯನ್ನು "ನೀನೇ ಇಟ್ಕೋ, ಇನ್ನು ಎಂತಕ್ಕೆ" ಎಂದು ನನ್ನ ಮೇಜಿನ ಮೇಲೆ ಬಿಟ್ಟುಹೋದರು.

ಒಂದು ವರ್ಷ ಚೆನ್ನಾಗಿಯೇ ನಡೆಯಿತು. ಬಂದಾಗಲೆಲ್ಲ ಹೊಸ ಚೀಟಿ, ಹೊಸ ಮಾತು. ಆರ್‌ಡಬ್ಲ್ಯುವಿಗೆ ಸೇರಿದ ಮೇಲೆ ಚೀಟಿಗಳನ್ನು ಮನೆಗೆ ಒಯ್ದು ಬಚ್ಚಲ ಒಲೆಗೆ ಹಾಕುತ್ತಿದ್ದರಂತೆ. ನಾನೇ ಹೇಳಿದ್ದೆ, ಇಲ್ಲಿ ಸೇರಿದ ಮೇಲೆ ಕಾಗದ ಯಾಕೆ ಬೇಕು ಮೇಷ್ಟ್ರೇ, ಗೆದ್ದಲು ತಿಂದುಹೋಗುತ್ತದೆ ಎಂದು.

ಆಮೇಲೆ ಪುಸ್ತಕ ಮಾಡುವ ಮಾತು ಬಂತು. ಅಚ್ಚು ಹಾಕಿಸುವವರು ಇಷ್ಟು ಪುಟ ದಾಟಬಾರದು ಎಂದರು. ಮೇಷ್ಟ್ರು ನನ್ನ ಪಕ್ಕದಲ್ಲಿ ಕೂತು ಮೂರು ಮಧ್ಯಾಹ್ನ ಕತ್ತರಿಸಿದರು. ಒಂದೇ ಅರ್ಥದ ಎರಡು ರೂಪವಿದ್ದರೆ ಒಂದನ್ನು ಹೊಡೆದರು. ಯಾರು ಹೇಳಿದ್ದು, ಯಾವ ಊರು, ಯಾವ ಕೆಲಸದ ಹೊತ್ತಿನಲ್ಲಿ ಎಂಬ ಸಾಲುಗಳನ್ನೆಲ್ಲ ತೆಗೆಸಿದರು. ನಾನು ಆಯ್ಕೆ ಮಾಡಿ ಡಿಲೀಟ್ ಒತ್ತುತ್ತ ಹೋದೆ. ಕಡತ ಅರ್ಧಕ್ಕೆ ಇಳಿಯಿತು. ಅದೇ ಹೆಸರಿನಲ್ಲಿ, ಅದೇ ಆರ್‌ಡಬ್ಲ್ಯುವಿನಲ್ಲಿ ಸೇವ್ ಮಾಡಿದೆ.

ಅದಾಗಿ ಕೆಲವು ದಿನಗಳಲ್ಲೇ ಆ ಸಿಡಿ ತೊಂದರೆ ಕೊಡಲು ಶುರುಮಾಡಿತು. ತೆರೆಯಲು ಹೊತ್ತು ತೆಗೆದುಕೊಳ್ಳುವುದು, ನಡುವೆ ತಪ್ಪು ತೋರಿಸುವುದು. ಸಾವಿರ ಸಲ ಎಂಬ ಲೆಕ್ಕ ಸಿಡಿಯ ಪ್ರತಿ ಜಾಗಕ್ಕೂ ಪ್ರತ್ಯೇಕ. ಯಾವ ಕಡತ ಮುಟ್ಟಿದರೂ ಪಟ್ಟಿಯನ್ನು ತಿದ್ದಲೇಬೇಕು, ಹಾಗಾಗಿ ಪಟ್ಟಿ ಇರುವ ಜಾಗವೇ ಎಲ್ಲಕ್ಕಿಂತ ಮೊದಲು ಸವೆಯುತ್ತದೆ. ಬಾಗಿಲ ಹೊಸ್ತಿಲು ಸವೆದ ಹಾಗೆ. ಈ ತಿಳಿವಳಿಕೆ ಅಂದು ನನಗಿರಲಿಲ್ಲ. ಕತ್ತರಿಸಿದ ಕಡತವನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಸಿಡಿಯನ್ನು ಪೂರ್ತಿ ಅಳಿಸಿ ಹೊಸದಾಗಿ ಫಾರ್ಮ್ಯಾಟ್ ಮಾಡಲು ಕೂತೆ.

ಅಳಿಸುವುದರಲ್ಲೂ ಎರಡು ವಿಧ. ಕ್ವಿಕ್ ಇರೇಸ್ ಒಂದೆರಡು ನಿಮಿಷದ್ದು. ಅದು ಮುಟ್ಟುವುದು ಪಟ್ಟಿಯನ್ನು ಮಾತ್ರ, ಉಳಿದ ಬರಹ ಹೆಸರಿಲ್ಲದೆ ಅಲ್ಲಿಯೇ ಇರುತ್ತದೆ. ಫುಲ್ ಇರೇಸ್ ಒಳಗಿನಿಂದ ಅಂಚಿನವರೆಗೆ ಒಂದು ಚುಕ್ಕೆಯನ್ನೂ ಬಿಡದೆ ಹರಳುಗಟ್ಟಿಸುತ್ತದೆ. ನಾಲ್ಕು ಪಟ್ಟು ವೇಗದ ಸಿಡಿಗೆ 20 ನಿಮಿಷ. ವಕೀಲರ, ಡಾಕ್ಟರರ ಸಿಡಿ ಬಂದರೆ ನಾನು ಯಾವಾಗಲೂ ಫುಲ್ ಕೊಡುತ್ತಿದ್ದೆ. ಬೇರೆಯವರ ಗುಟ್ಟು ಇನ್ನೊಬ್ಬರ ಕೈಗೆ ಹೋಗಬಾರದು ಎಂದು. ಅದೇ ಶ್ರದ್ಧೆಯಿಂದ ಮೇಷ್ಟ್ರ ಸಿಡಿಗೂ ಫುಲ್ ಕೊಟ್ಟೆ. 20 ನಿಮಿಷ ಪರದೆಯ ಮೇಲೆ ಪ್ರಗತಿಯ ಗೆರೆ ಮುಂದೆ ಸರಿಯುವುದನ್ನು ನೋಡುತ್ತ ಚಹ ಕುಡಿದೆ. ಅಷ್ಟು ಹೊತ್ತಿನಲ್ಲಿ ಯಾವಾಗ ಬೇಕಾದರೂ ನಿಲ್ಲಿಸಬಹುದಿತ್ತೇ ಎಂದು ಎಷ್ಟೋ ರಾತ್ರಿ ಯೋಚಿಸಿದ್ದೇನೆ.

ಪುಸ್ತಕ ಬಂತು, ಚಿಕ್ಕದಾಗಿ, ಚೊಕ್ಕವಾಗಿ. ಅದನ್ನು ನೋಡಿ ಭಾಷೆಯ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಒಬ್ಬ ಹುಡುಗಿ ಮೇಷ್ಟ್ರನ್ನು ಹುಡುಕಿಕೊಂಡು ಬಂದಳು. ಅವಳು ಕೇಳಿದ್ದೆಲ್ಲ ನಾವು ಕತ್ತರಿಸಿ ಬಿಸಾಡಿದ್ದನ್ನೇ. ಈ ಮಾತನ್ನು ತೋಟದ ಯಜಮಾನರು ಆಡುವುದೋ, ಕೊನೆ ತೆಗೆಯುವವರೋ, ಸುಲಿಯಲು ಬರುವ ಹೆಂಗಸರೋ? ಘಟ್ಟದ ಮೇಲೋ, ಕೆಳಗೋ? ಮೇಷ್ಟ್ರು ಅವಳನ್ನು ಕರೆದುಕೊಂಡು ಸೆಂಟರಿಗೆ ಬಂದರು. ಅವರ ಮುಖದಲ್ಲಿ ಹೆಮ್ಮೆ ಇತ್ತು. "ಎಲ್ಲ ಬರೆದಿಟ್ಟಿದ್ದೆ. ಮಾಣಿ, ಆ ಹಳೇದು ತೆಗಿ."

ಕಂಪ್ಯೂಟರಿನಲ್ಲಿ ಹುಡುಕಿದೆ. ವೈರಸ್ ಹೊಕ್ಕಿತೆಂದು ಹಾರ್ಡ್‌ಡಿಸ್ಕನ್ನು ಆ ನಡುವೆ ಒಮ್ಮೆ ಪೂರ್ತಿ ಫಾರ್ಮ್ಯಾಟ್ ಮಾಡಿಯಾಗಿತ್ತು. ಆರ್‌ಡಬ್ಲ್ಯುವಿನಲ್ಲಿ ಇದ್ದದ್ದು ಕತ್ತರಿಸಿದ ಕಡತ ಮಾತ್ರ. ಚೀಟಿಗಳು ಬೂದಿಯಾಗಿದ್ದವು. ನಾನು ಏನು ಹೇಳಿದೆ ಎಂಬುದು ನೆನಪಿಲ್ಲ. ಮೇಷ್ಟ್ರು ಸಿಟ್ಟು ಮಾಡಲಿಲ್ಲ. ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿ, "ಅಳಿಸು ಅಂತ ನಾನೇ ಹೇಳಿದ್ದು" ಎಂದರು. ಬೈದಿದ್ದರೆ ಒಳ್ಳೆಯದಿತ್ತು.

ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಖಾನೆಯಲ್ಲಿ ಏನೋ ಹುಡುಕುವಾಗ ಆ ಹಳೆಯ ಸಿಡಿ ಕೈಗೆ ಸಿಕ್ಕಿತು. ಅದನ್ನು ಹಾಕಿದೆ. ಕಂಡದ್ದು ಕೊನೆಯ ಸಲ ಬರೆದ ಕಡತ ಮಾತ್ರ. ಅಷ್ಟು ಹೊತ್ತಿಗೆ ಅದರಲ್ಲೂ ಮೇಷ್ಟ್ರು ಬಹಳ ಹೊಡೆದುಹಾಕಿದ್ದರು. ಹೊರಗೆ ತೆಗೆದು ಕಿಟಕಿಗೆ ಹಿಡಿದಾಗ ಉಂಗುರಗಳು ಕಂಡವು. ನನ್ನ ಬಾಯಿಂದಲೇ ಹೊರಟ ಮಾತು ಆಗ ನೆನಪಾಯಿತು, ಹಳೆಯದು ಅಲ್ಲೇ ಇರುತ್ತದೆ. ಐಸೋಬಸ್ಟರ್ ಎಂಬ ತಂತ್ರಾಂಶವಿದೆ. ಅದು ಕೊನೆಯ ಪಟ್ಟಿಗೆ ಕಟ್ಟುಬೀಳದೆ ಎಲ್ಲ ಸೆಷನ್‌ಗಳನ್ನೂ ಸಾಲಾಗಿ ತೋರಿಸುತ್ತದೆ. ಒಂದೊಂದು ಸಲದ ಬರಹವೂ ಒಂದೊಂದು ಸೆಷನ್. ಸೈಬರ್ ಸೆಂಟರಿನಿಂದ ಅದನ್ನು ಇಳಿಸಿಕೊಂಡು ಬಂದು ಹಾಕಿದೆ. ಒಂದರ ಕೆಳಗೊಂದು ಆರು ಸಾಲು. ಮೊದಲನೆಯದರಲ್ಲಿ ತಪ್ಪುಗಳು ತುಂಬಿದ್ದವು. ಮೂರನೆಯದರಲ್ಲಿ ಎಲ್ಲಕ್ಕಿಂತ ಹೆಚ್ಚು ಮಾತು, ಎಲ್ಲಕ್ಕಿಂತ ಹೆಚ್ಚು ವಿವರ. ಮೇಷ್ಟ್ರ ಮನೆಗೆ ಮಳೆಯಲ್ಲೇ ಸೈಕಲ್ ತುಳಿದೆ.

ಸಿಕ್ಕಿದ್ದು ಅಷ್ಟೇ. ಆರ್‌ಡಬ್ಲ್ಯುವಿಗೆ ಬದಲಾದ ಮೇಲಿನ ಒಂದು ವರ್ಷದಲ್ಲಿ ಸೇರಿಸಿದ ಮಾತುಗಳು ಪುಸ್ತಕದಲ್ಲಿ ಬಂದಷ್ಟು ಉಳಿದವು, ಅವುಗಳನ್ನು ಆಡಿದವರು ಉಳಿಯಲಿಲ್ಲ. ಹಳೆಯ ಸಿಡಿಯನ್ನೇ ಮುಂದುವರಿಸಿದ್ದರೆ ಅದರಲ್ಲಿ ಇನ್ನೂ ನಲವತ್ತಕ್ಕಿಂತ ಹೆಚ್ಚು ಉಂಗುರಗಳಿಗೆ ಜಾಗವಿತ್ತು. ಈ ಲೆಕ್ಕವನ್ನು ನಾನು ಹಾಕಿದ್ದು ಬಹಳ ತಡವಾಗಿ. ಪೋಲು ಎಂದು ನಾನು ಕರೆದ ಆ ಹದಿಮೂರು ಎಂಬಿ, ಒಬ್ಬ ಮನುಷ್ಯ ತನ್ನ ಮಾತನ್ನು ಹೇಗೆ ತಿದ್ದುತ್ತ ಬಂದ ಎಂಬುದನ್ನು ಕಾಯ್ದಿಡಲು ತೆತ್ತ ಬೆಲೆಯಾಗಿತ್ತು.

ಆಮೇಲೆ ಡಿವಿಡಿ ಬಂತು, ಅದರಲ್ಲೂ ಪ್ಲಸ್ಸು ಮೈನಸ್ಸು ಎಂದು ಎರಡೆರಡು ಆರ್‌ಡಬ್ಲ್ಯು. ಲಕ್ಷ ಸಲ ಬರೆಯಬಹುದಾದ ಡಿವಿಡಿ-ರ‍್ಯಾಮ್ ಕೂಡ ಇತ್ತು, ಸಾಗರದಲ್ಲಿ ನಾನದನ್ನು ಕಣ್ಣಿಂದ ನೋಡಲಿಲ್ಲ. ವಿಂಡೋಸ್ ವಿಸ್ಟಾದ ಹೊತ್ತಿಗೆ ಬೇರೆ ತಂತ್ರಾಂಶವಿಲ್ಲದೆಯೇ ಸಿಡಿಯ ಮೇಲಿನ ಕಡತವನ್ನು ಒಂದೊಂದಾಗಿ ಅಳಿಸುವಂತಾಯಿತು. ಅಷ್ಟರಲ್ಲಿ ಜನ ಪೆನ್‌ಡ್ರೈವಿಗೆ ಹೋಗಿದ್ದರು. ಸೆಂಟರ್ ಮುಚ್ಚಿ ನಾನೂ ಬೆಂಗಳೂರಿಗೆ ಬಂದೆ. ಮೇಷ್ಟ್ರು ಹೋಗಿ ಈಗ ಬಹಳ ವರ್ಷವಾಯಿತು.

ಕಳೆದ ಮಳೆಗಾಲದಲ್ಲಿ ಹೊರಗಿನಿಂದ ಸಿಕ್ಕಿಸುವ ಒಂದು ಡಿವಿಡಿ ಡ್ರೈವ್ ಕೊಂಡು ಆ ಸಿಡಿಯನ್ನು ಮತ್ತೆ ಹಾಕಿದೆ. ಡ್ರೈವ್ ಒಂದು ಗಳಿಗೆ ಗುಂಯ್‌ಗುಟ್ಟಿ ನಿಂತಿತು, ಮತ್ತೆ ತಿರುಗಿತು. ಆರೂ ಸೆಷನ್ ಓದಿತು. ಎಲ್ಲವನ್ನೂ ಬೇರೆ ಬೇರೆ ಫೋಲ್ಡರಿಗೆ ಇಳಿಸಿಕೊಂಡೆ. ಮೂರನೆಯದನ್ನು ತೆರೆದರೆ ಕನ್ನಡವಿಲ್ಲ. ಹಳೆಯ ನುಡಿ ಅಕ್ಷರಗಳು ಈಗಿನ ಕಂಪ್ಯೂಟರಿನಲ್ಲಿ ಸೊಟ್ಟ ಸೊಟ್ಟ ರೋಮನ್ ಅಕ್ಷರಗಳಾಗಿ ಕಾಣುತ್ತವೆ. ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಕ್ಕೆ ಕೊಟ್ಟೆ. ಪುಟ ಪುಟವಾಗಿ ಕನ್ನಡ ಮೂಡುತ್ತ ಬಂತು, ಮೇಷ್ಟ್ರು ಹೇಳಿ ನಾನು ಬೆರಳಚ್ಚು ಮಾಡಿದ ಅದೇ ಸಾಲುಗಳು. ಚೊಗರು ಎಂಬಲ್ಲಿ ನಿಂತೆ. ಅಡಿಕೆ ಬೇಯಿಸಿ ಉಳಿದ ಕೆಂಪು ನೀರು ಎಂದು ಅರ್ಥ ಬರೆದು, ಅದರ ಕೆಳಗೆ ಹೀಗಿತ್ತು: ಹೇಳಿದವರು, ಸುಲಿಯಲು ಬರುವ ಅಜ್ಜಿ. ಘಟ್ಟದ ಕೆಳಗಿನವಳು. ಅವಳ ಬಾಯಲ್ಲಿ ತೊಗರು ಎಂದು ಕೇಳಿದ ಹಾಗಾಯಿತು. ಮಳೆ ನಿಂತ ಮೇಲೆ ಹೋಗಿ ಇನ್ನೊಮ್ಮೆ ಕೇಳಬೇಕು.